ರದ್ದಿ ಕಾಗದದ ಸೆರಗು

ನಮ್ಮ ಮನೆಯ ಕಪಾಟಿನಲ್ಲಿ ಒಂದು ಪುಸ್ತಕ ಹನ್ನೊಂದು ತಿಂಗಳು ಮರಾಠಿ ಪೇಪರು ಹೊದ್ದುಕೊಂಡು ಕೂತಿತ್ತು. ಅದರ ಬೆನ್ನಿನ ಮೇಲೆ ನಾನೇ ದಪ್ಪ ಸ್ಕೆಚ್ ಪೆನ್ನಿನಲ್ಲಿ ‘ಜಮೀನ್ ಮಹಸೂಲ್ ನಿಯಮ, ಭಾಗ 3’ ಎಂದು ಬರೆದಿದ್ದೆ. ಬರೆದದ್ದು ಮರಾಠಿಯಲ್ಲಿ. ಉಮರ್ಗಾದಲ್ಲಿ ಕನ್ನಡ ಆಡುವ ಬಾಯಿಗಳಿಗೆ ಬರವಿಲ್ಲ, ಕನ್ನಡ ಓದುವ ಕಣ್ಣುಗಳು ಮಾತ್ರ ಕಡಿಮೆ. ನಾವು ಮನೆಯಲ್ಲಿ ಕನ್ನಡದಲ್ಲಿ ಉಣ್ಣುತ್ತೇವೆ, ಪೇಟೆಯಲ್ಲಿ ಮರಾಠಿಯಲ್ಲಿ ಕೊಳ್ಳುತ್ತೇವೆ, ಬಸ್ ಸ್ಟ್ಯಾಂಡಿನಲ್ಲಿ ಸೀಟಿಗಾಗಿ ದಖನಿಯಲ್ಲಿ ಜಗಳಾಡುತ್ತೇವೆ. ಮುಚ್ಚಿಡುವ ಕೆಲಸಕ್ಕೆ ಯಾವ ಭಾಷೆ ಒಳ್ಳೆಯದೆಂದು ಯೋಚಿಸಿ, ಸರ್ಕಾರದ ಭಾಷೆಯೇ ಸರಿ ಅನ್ನಿಸಿತು. ‘ಭಾಗ 3’ ಅಂತ ಹಾಕಿದ್ದು ನನ್ನ ಮುಂದಾಲೋಚನೆ. ಭಾಗ ಒಂದನ್ನೇ ಯಾರೂ ಓದದ ಮೇಲೆ ಮೂರನೆಯದಕ್ಕೆ ಕೈ ಹಾಕುವವರು ಯಾರು?

ಒಳಗಿದ್ದದ್ದು ಮಹಸೂಲ್ ಅಲ್ಲ. ಒಬ್ಬ ಫ್ರೆಂಚ್ ಮುದುಕ ಪೆನ್ಸಿಲಿನಲ್ಲಿ ಗೀಚಿ, ಮೇಲೆ ನೀರುಬಣ್ಣ ಹರಿಬಿಟ್ಟ ಬತ್ತಲೆ ಹೆಂಗಸರ ಚಿತ್ರಗಳು.

ಪುಸ್ತಕ ಸಿಕ್ಕಿದ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರು ಬೇರೆ ಏನೋ ತಿಳಿದಾರು. ಕಣ್ಣಿನ ಪೊರೆ ತೋರಿಸಲು ಹೈದರಾಬಾದಿಗೆ ಹೋಗಿದ್ದೆ. ಡಾಕ್ಟರು ಸೋಮವಾರ ಬರಲು ಹೇಳಿದರು, ನಡುವೆ ಒಂದು ಭಾನುವಾರ ಕೈಗೆ ಸಿಕ್ಕಿತು. ಭಾನುವಾರ ಅಬಿಡ್ಸಿನಲ್ಲಿ ಅಂಗಡಿಗಳು ಬಾಗಿಲು ಹಾಕಿದ ಮೇಲೆ ಅವುಗಳ ಮುಂದಿನ ಫುಟ್‌ಪಾತಿನ ತುಂಬ ಹಳೆಯ ಪುಸ್ತಕಗಳು ಮಲಗಿರುತ್ತವೆ. ಎಂಜಿನಿಯರಿಂಗ್ ಗೈಡುಗಳ ರಾಶಿಯ ಕೆಳಗಿನಿಂದ ಈ ಪುಸ್ತಕದ ಒಂದು ಮೂಲೆ ಇಣುಕುತ್ತಿತ್ತು. ಎಳೆದು ನಡುವಿನ ಪುಟ ತೆರೆದೆ, ಪಟ್ಟನೆ ಮುಚ್ಚಿದೆ. ಆ ‘ಪಟ್ಟನೆ’ ಮಾರುವವನ ಕಣ್ಣಿಗೆ ಬಿತ್ತು. ನನ್ನ ಬಿಳಿ ಮೀಸೆ ನೋಡಿ, ಪುಸ್ತಕ ನೋಡಿ, ಐವತ್ತು ರೂಪಾಯಿ ಏರಿಸಿದ. ನಾಚಿಕೆಗೂ ಒಂದು ದರ ಇದೆಯೆಂದು ಅವತ್ತು ತಿಳಿಯಿತು. ಚೌಕಾಶಿ ಮಾಡಲು ಅಲ್ಲಿ ನಿಲ್ಲಬೇಕಲ್ಲ, ನಿಲ್ಲಲಿಲ್ಲ.

ರಟ್ಟಿನ ಮೇಲಿನ ಹೆಸರನ್ನು ‘ರೋಡಿನ್’ ಎಂದು ಓದಿಕೊಂಡೆ. ಸೋಲಾಪುರ–ಹೈದರಾಬಾದ್ ರೋಡಿನ ಮೇಲಿರುವ ಊರಿನವನಿಗೆ ಆ ಹೆಸರು ನೆಂಟರ ಹೆಸರಿನಂತೆ ಕೇಳಿಸಿತು. ಆಮೇಲೆ ‘ರೊದಾಂ’ ಎಂದು ತಿದ್ದಿಕೊಂಡೆ. ಕೊನೆಯದನ್ನು ಮೂಗಿನಲ್ಲೇ ಅರ್ಧ ಬಿಡಬೇಕಂತೆ. ನನಗೆ ನೆಗಡಿ ಬಂದಾಗ ಸರಿಯಾಗಿ ಬರುತ್ತದೆ.

ಈ ಓಗಸ್ತ್ ರೊದಾಂ ಯಾರೆಂದು ತಿಳಿಯದವರೂ ಅವನ ಕೆಲಸ ನೋಡಿರುತ್ತಾರೆ. ಗದ್ದಕ್ಕೆ ಕೈಕೊಟ್ಟು ಕೂತ ಆ ‘ಚಿಂತಕ’ ಇಲ್ಲವೇ, ಅದು ಅವನದೇ. ನಮ್ಮ ಲಾತೂರ್ ಕಡೆ ಡಾಕ್ಟರು–ಎಂಜಿನಿಯರು ಮಾಡುವ ಕೋಚಿಂಗ್ ಕ್ಲಾಸುಗಳು ಜೋಳದಷ್ಟೇ ಹುಲುಸಾಗಿ ಬೆಳೆಯುತ್ತವೆ. ಅಂಥ ಒಂದು ಕ್ಲಾಸಿನ ಬೋರ್ಡಿನ ಮೇಲೂ ಆತ ಕೂತಿದ್ದನ್ನು ನಾನು ಕಂಡಿದ್ದೇನೆ. ಮೈಮೇಲೆ ನೂಲಿನೆಳೆಯಿಲ್ಲ. ಆದರೂ ಅಪ್ಪ–ಅವ್ವಂದಿರು ಮಕ್ಕಳನ್ನು ಅದರ ಕೆಳಗಿಂದಲೇ ಒಳಗೆ ಕಳಿಸುತ್ತಾರೆ. ಯೋಚನೆ ಮಾಡುವವನಿಗೆ ಬಟ್ಟೆ ಬೇಕಿಲ್ಲವೆಂದು ನಾವೆಲ್ಲ ಒಪ್ಪಿದಂತಿದೆ. ಅದನ್ನು ಕಡೆದವನು ಪ್ಯಾರಿಸಿನ ದೊಡ್ಡ ಕಲಾಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಮೂರು ಸಲ ನಪಾಸಾಗಿದ್ದ ಎಂಬ ಸಂಗತಿಯನ್ನು ಆ ಬೋರ್ಡಿನವರಿಗೆ ಯಾರೂ ಹೇಳಿದಂತಿಲ್ಲ.

1840ರಲ್ಲಿ ಹುಟ್ಟಿ 1917ರಲ್ಲಿ ತೀರಿಕೊಂಡ ಈ ಮನುಷ್ಯ ಜಗತ್ತಿಗೆ ಶಿಲ್ಪಿ. ಅವನು ಗೀಚಿದ್ದು ಜಗತ್ತಿಗೆ ಅಷ್ಟು ಗೊತ್ತಿಲ್ಲ. ಪ್ಯಾರಿಸಿನಲ್ಲಿ ಅವನ ಹೆಸರಿನ ಮ್ಯೂಸಿಯಮ್ಮಿನಲ್ಲಿಯೇ ಏಳು ಸಾವಿರಕ್ಕೂ ಹೆಚ್ಚು ರೇಖಾಚಿತ್ರಗಳಿವೆ. ಕಾಗದದ ಮೇಲಿನ ಜಲವರ್ಣಕ್ಕೆ ಬೆಳಕು ಬಡಿದರೆ ಬಣ್ಣ ಹಾರುತ್ತದೆ, ಅದಕ್ಕಾಗಿ ಅವನ್ನು ಕತ್ತಲಲ್ಲಿಟ್ಟು ಆಗೊಮ್ಮೆ ಈಗೊಮ್ಮೆ ಹೊರಗೆ ತೆಗೆಯುತ್ತಾರೆ. ಹಳೆಯ ಕಾಲದ ವಾಡೆಗಳಲ್ಲಿ ಸೊಸೆಯಂದಿರು ಹೀಗೇ ಇರುತ್ತಿದ್ದರು. ಹೊಸ್ತಿಲು ದಾಟಿದರೆ ಬಣ್ಣ ಹಾರುತ್ತದೆ ಎನ್ನುತ್ತಿದ್ದರು.

ಆ ಚಿತ್ರಗಳನ್ನು ಅವನು ತೆಗೆಯುತ್ತಿದ್ದ ರೀತಿ ಮಾತ್ರ ವಿಚಿತ್ರ. ಐವತ್ತು ದಾಟಿ, ಅರವತ್ತರತ್ತ ಹೊರಟ ಮೇಲೆ ಹಿಡಿದ ದಾರಿ ಅದು. ಹೆಂಗಸರನ್ನು ಪೀಠದ ಮೇಲೆ ‘ಹೀಗೆ ನಿಲ್ಲು, ಅಲ್ಲಾಡಬೇಡ’ ಎಂದು ನಿಲ್ಲಿಸುವ ಪದ್ಧತಿಯನ್ನು ಬಿಟ್ಟ. ಅವರು ಕೋಣೆಯಲ್ಲಿ ಬೇಕಾದಂತೆ ಓಡಾಡಬೇಕು, ಕೂರಬೇಕು, ಮೈ ಮುರಿಯಬೇಕು, ಕೂದಲು ಬಾಚಬೇಕು, ಬೇಸರ ಬಂದರೆ ಹೊರಳಬೇಕು. ಇವನ ಕಣ್ಣು ಅವರ ಮೇಲೆ, ಪೆನ್ಸಿಲು ಕಾಗದದ ಮೇಲೆ. ಕಾಗದದತ್ತ ನೋಡುತ್ತಲೇ ಇರಲಿಲ್ಲ. ಕಣ್ಣು ಅವಳ ಹೆಗಲಿನಿಂದ ಸೊಂಟಕ್ಕೆ ಇಳಿದರೆ ಕೈಯೂ ಕಾಗದದ ಮೇಲೆ ಹಾಗೇ ಇಳಿಯಬೇಕು, ಎತ್ತಬಾರದು, ಅಳಿಸಬಾರದು. ಒಂದು ಹಾಳೆ ಮುಗಿದರೆ ನೆಲಕ್ಕೆ, ಇನ್ನೊಂದು ಕೈಗೆ. ಆಮೇಲೆ ಕೆಲವನ್ನು ಬೇರೆ ಹಾಳೆಯ ಮೇಲೆ ನಕಲು ತೆಗೆದು, ಗೋಪಿಚಂದನದಂಥ ತೆಳು ಬಣ್ಣವನ್ನು ಮೈಗೆ ಹರಿಸುತ್ತಿದ್ದ. ಬಣ್ಣ ಗೆರೆಯ ಮಾತು ಕೇಳುವುದಿಲ್ಲ, ಬದುವು ದಾಟಿದ ಮಳೆನೀರಿನ ಹಾಗೆ ಆಚೆಗೂ ಹೋಗುತ್ತದೆ. ಒಂದೊಂದು ಚಿತ್ರದಲ್ಲಿ ಒಂದೇ ಕಾಲಿಗೆ ಎರಡು ಗೆರೆ. ಮೊದಲನೆಯದನ್ನು ಅಳಿಸಿಲ್ಲ. ಕಾಲು ಅಲ್ಲಾಡಿತು, ಗೆರೆಯೂ ಅಲ್ಲಾಡಿತು.

ಇದನ್ನೆಲ್ಲ ಓದುವಾಗ ನನಗೆ ಪ್ಯಾರಿಸ್ ಕಣ್ಣ ಮುಂದೆ ಬರಲಿಲ್ಲ, ನಿಲಂಗಾ ಬಂತು.

ನಿಲಂಗಾದ ನೀಲಕಂಠೇಶ್ವರ ಗುಡಿಗೆ ಸಣ್ಣವನಿದ್ದಾಗ ಆಯಿಯ ಕೈ ಹಿಡಿದು ಹೋಗುತ್ತಿದ್ದೆ. ಕಲ್ಯಾಣದ ಚಾಲುಕ್ಯರ ಕೊನೆಗಾಲಕ್ಕೂ ದೇವಗಿರಿಯ ಯಾದವರ ಕಾಲಕ್ಕೂ ನಡುವೆ ಎಲ್ಲೋ ಎದ್ದ ಗುಡಿ ಅದು, ಹನ್ನೆರಡು–ಹದಿಮೂರನೇ ಶತಮಾನದ್ದು. ಆಯಿ ಒಳಗೆ ಎಷ್ಟು ಹೊತ್ತಾದರೂ ಕೂರುವಳು. ಹೊರಗೆ ಪ್ರದಕ್ಷಿಣೆಗೆ ಬಂದರೆ ಮಾತ್ರ ಪೊಲೀಸರು ಬೆನ್ನು ಹತ್ತಿದವರಂತೆ ನಡೆಯುವಳು.

“ನೆಲಾ ನೋಡ್ಕೋತ ನಡಿ ಕೂಸಾ, ಹಾವ್ ಇರ್ತಾವ.”

ನಾನು ಹತ್ತು ವರ್ಷ ನೆಲ ನೋಡುತ್ತಲೇ ನಡೆದೆ. ಆಯಿ ತೀರಿದ ಮೇಲೆ ಒಬ್ಬನೇ ಹೋದಾಗ ತಲೆ ಎತ್ತಿದೆ. ಹಾವು ಒಂದೂ ಕಾಣಲಿಲ್ಲ. ಗೋಡೆಯ ತುಂಬ ಸುರಸುಂದರಿಯರು ನಿಂತಿದ್ದರು. ಸೊಂಟ ಒಂದು ಕಡೆ, ಹೆಗಲು ಒಂದು ಕಡೆ, ತಲೆ ಮತ್ತೊಂದು ಕಡೆ. ಒಡವೆಗಳಿಗೆ ಲೆಕ್ಕವಿಲ್ಲ, ಬಟ್ಟೆಗೆ ಮಾತ್ರ ಶಿಲ್ಪಿ ಬಹಳ ಜಿಪುಣ. ಆಯಿ ಆ ಗೋಡೆಯನ್ನು ನೋಡಿದ್ದಳೋ ಇಲ್ಲವೋ? ನೋಡದೆ ಹಾವಿನ ಕಥೆ ಕಟ್ಟಲು ಬರುತ್ತಿರಲಿಲ್ಲ ಎಂಬುದು ಹೊಳೆಯಲು ನನಗೆ ಮತ್ತೂ ಕೆಲವು ವರ್ಷ ಬೇಕಾದವು.

ಆ ಗೋಡೆಯ ಹೆಂಗಸರದೂ ದೊಡ್ಡ ಕಥೆ. 1956ರ ತನಕ ನಿಲಂಗಾ, ಉದಗೀರ ಎರಡೂ ಬೀದರ್ ಜಿಲ್ಲೆಯ ತಾಲ್ಲೂಕುಗಳು. ರಾಜ್ಯ ಒಡೆದಾಗ ಬೀದರ್ ಮೈಸೂರಿಗೆ ಹೋಯಿತು, ಇವು ಉಸ್ಮಾನಾಬಾದ್ ಜಿಲ್ಲೆಗೆ ಬಂದವು. 1982ರಲ್ಲಿ ಲಾತೂರ್ ಹೊಸ ಜಿಲ್ಲೆಯಾದಾಗ ಅದಕ್ಕೆ ಸೇರಿದವು. ಗೋಡೆಯ ಹೆಂಗಸರು ನಿಜಾಮರ ಪ್ರಜೆಗಳಾಗಿ, ಮುಂಬೈ ರಾಜ್ಯದವರಾಗಿ, ಆಮೇಲೆ ಮಹಾರಾಷ್ಟ್ರದವರಾದರು. ಇಷ್ಟೆಲ್ಲ ಆದರೂ ಮಡಿಚಿದ ಕಾಲನ್ನು ಅವರು ಕೆಳಗಿಟ್ಟಿಲ್ಲ. ಗಡಿಯ ಬಗ್ಗೆ ನಮ್ಮಲ್ಲಿ ಸಭೆ ನಡೆದಾಗಲೆಲ್ಲ ನನಗೆ ಆ ಕಾಲು ನೆನಪಾಗುತ್ತದೆ.

1993ರ ಸಪ್ಟೆಂಬರ್ 30ರ ಬೆಳಗಿನ ಜಾವದ ಭೂಕಂಪಕ್ಕೆ ಕಿಲ್ಲಾರಿಯಲ್ಲಿ, ಸಾಸ್ತೂರಿನಲ್ಲಿ, ನಮ್ಮ ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಕಲ್ಲಿನ ಗೋಡೆಗಳು ಮಲಗಿದವರ ಮೇಲೆ ಬಿದ್ದವು. ಆಮೇಲೆ ಬಹಳ ದಿನ ಇಲ್ಲಿ ಯಾರಿಗೂ ಕಲ್ಲಿನ ಮೇಲೆ ಪ್ರೀತಿ ಉಳಿದಿರಲಿಲ್ಲ. ಒಂದು ದಿನ ನಿಲಂಗಾಕ್ಕೆ ಏನೋ ಕೆಲಸಕ್ಕೆ ಹೋದವನು ಸುಮ್ಮನೆ ಗುಡಿಯ ಹಿಂದೆ ಹೋಗಿ ನೋಡಿದೆ. ಅವರು ನಿಂತಿದ್ದರು. ಅವತ್ತು ನಾನು ಬಟ್ಟೆಯ ಲೆಕ್ಕ ಮಾಡಲಿಲ್ಲ.

ನಮ್ಮ ಕಡೆಯ ಗುಡಿಗಳ ಹೊರಗೋಡೆಯಲ್ಲಿ ಇರುವವರೆಲ್ಲ ಏನಾದರೊಂದು ಕೆಲಸದಲ್ಲಿದ್ದಾರೆ. ನಮ್ಮೂರ ಮಹಾದೇವನ ಗುಡಿ ಇರಲಿ, ಬಸವಕಲ್ಯಾಣದ ಪಕ್ಕದ ನಾರಾಯಣಪುರ ಇರಲಿ, ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಇರಲಿ, ಸುತ್ತು ಹೊಡೆದರೆ ಈ ಬಳಗದವರು ಎಲ್ಲಿಯಾದರೂ ಎದುರಾಗುತ್ತಾರೆ. ಒಬ್ಬಳು ಕನ್ನಡಿ ನೋಡುತ್ತಾಳೆ. ಒಬ್ಬಳು ಅಂಗಾಲಿಗೆ ಹೊಕ್ಕ ಮುಳ್ಳು ತೆಗೆಸಿಕೊಳ್ಳುತ್ತಾಳೆ. ಒಬ್ಬಳ ಸೀರೆಯನ್ನು ಮಂಗ ಹಿಡಿದಿದೆ, ಅವಳು ಒಂದು ಕೈಯಿಂದ ಸೀರೆ ಹಿಡಿದು ಇನ್ನೊಂದು ಕೈಯಿಂದ ಮಂಗನನ್ನು ಹೆದರಿಸುತ್ತಿದ್ದಾಳೆ. ನಮ್ಮತ್ತ ನೋಡಲು ಒಬ್ಬಳಿಗೂ ಪುರುಸೊತ್ತಿಲ್ಲ. ಫೋಟೋ ತೆಗೆಸಿಕೊಳ್ಳುವವರ ಹಾಗೆ ಯಾರೂ ಉಸಿರು ಬಿಗಿ ಹಿಡಿದು ನಿಂತಿಲ್ಲ.

ಜಲಸಂಗಿಯವಳಂತೂ ಬರೆಯುತ್ತಿದ್ದಾಳೆ. ಕೈಯಲ್ಲಿ ಲೇಖನಿ, ಮುಂದೆ ಫಲಕ. ಫಲಕದ ಮೇಲೆ ಸಂಸ್ಕೃತದ ಅಕ್ಷರಗಳು ನಿಜವಾಗಿಯೂ ಇವೆ, ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. 1076ರಿಂದ 1126ರ ತನಕ ಕಲ್ಯಾಣದಿಂದ ಆಳಿದ ಚಕ್ರವರ್ತಿಗೆ ಆಸ್ಥಾನದಲ್ಲಿ ಕವಿಗಳ ಕೊರತೆ ಇರಲಿಲ್ಲ, ಕಾಶ್ಮೀರದ ಬಿಲ್ಹಣನೇ ಬಂದು ಕಾವ್ಯ ಬರೆದ. ಆದರೂ ಒಬ್ಬ ಶಿಲ್ಪಿ ರಾಜನ ಹೊಗಳಿಕೆಯನ್ನು ಈ ಹುಡುಗಿಯ ಕೈಯಲ್ಲಿ ಬರೆಸಿದ. ನೋಡಲು ಬಂದವರು ಅವಳ ಮೈ ನೋಡುತ್ತಾರೆ, ಅವಳು ತನ್ನ ಅಕ್ಷರ ನೋಡಿಕೊಳ್ಳುತ್ತಾಳೆ. ಕಾಗುಣಿತ ತಪ್ಪಿದರೆ ಅಳಿಸಲು ಬರುವುದಿಲ್ಲ, ಕಲ್ಲು. ಕೋಚಿಂಗ್ ಕ್ಲಾಸಿನವರು ಬೋರ್ಡಿಗೆ ಇವಳನ್ನು ಯಾಕೆ ಹಾಕಲಿಲ್ಲ ಎಂಬ ಪ್ರಶ್ನೆ ನನಗೆ ಹಲವು ಸಲ ಬಂದಿದೆ. ಕೂತು ಯೋಚಿಸುವವನಿಗಿಂತ ನಿಂತು ಬರೆಯುವವಳು ಪರೀಕ್ಷೆಗೆ ಹತ್ತಿರ.

ಹೀಗೆ ನನ್ನ ಪುಸ್ತಕ ಕಪಾಟಿನಲ್ಲೂ ನನ್ನ ವಿಚಾರ ನಿಲಂಗಾದಲ್ಲೂ ಸುಖವಾಗಿದ್ದಾಗ, ಒಂದು ಸಂಜೆ ಓಣಿಯ ಹಿರಿಯರೊಬ್ಬರು ಬಂದರು. ಅವರಿಗೂ ಪಕ್ಕದ ಹೊಲದವನಿಗೂ ಬದುವಿನ ತಂಟೆ. ಚಹಾ ಕುಡಿಯುತ್ತ ಕಪಾಟಿನ ಮೇಲೆ ಕಣ್ಣಾಡಿಸಿದವರು ಅಲ್ಲೇ ನಿಂತರು.

“ಗುರೂಜಿ, ಮಹಸೂಲಿಂದು ಬುಕ್ ಅದಲ್ರಿ ನಿಮ್ಮ ಹತ್ರ! ಎರಡು ದಿನ ಕೊಡ್ರಿ, ನೋಡಿ ಕೊಡ್ತೀನಿ.”

ನನ್ನ ಗಂಟಲಲ್ಲಿ ಚಹಾ ನಿಂತಿತು. “ಕಾಕಾ, ಅದು ಹಳೀ ಕಾನೂನು. ರದ್ದಾಗ್ಯಾದ.”

“ರದ್ದಾದ್ರೂ ನಡೀತದ್ರಿ. ನಮ್ಮ ತಂಟಿ ಅದಕ್ಕಿಂತ ಹಳೀದು.”

“ಭಾಗ ಮೂರು ಬರೇ ನೀರಿನ ಹರಿವಿನ ಬಗ್ಗೆ ಅದ ಕಾಕಾ, ಬದುವಿಂದು ಅದರಾಗ ಇಲ್ಲ.”

ಹೇಳಿದ್ದರಲ್ಲಿ ಪೂರ್ತಿ ಸುಳ್ಳೂ ಇರಲಿಲ್ಲ. ಜಲವರ್ಣವೆಂದರೆ ನೀರಿನ ಹರಿವು ತಾನೇ. ಕಾಕಾ ಹೋದ ಮೇಲೆ ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಂಡೆ. ಅರವತ್ತು ದಾಟಿದ ಒಬ್ಬ ನಿವೃತ್ತ ಮಾಸ್ತರ, ಮೂರು ಮೊಮ್ಮಕ್ಕಳ ಅಜ್ಜ, ನೂರು ವರ್ಷದ ಹಿಂದೆ ಸತ್ತ ಮತ್ತೊಬ್ಬ ಅಜ್ಜನ ಗೀಚಾಟಕ್ಕಾಗಿ ಸುಳ್ಳು ಕಾನೂನು ಹುಟ್ಟಿಸಬೇಕೇ?

ನಾವು ಬತ್ತಲೆ ನೋಡದ ಜನರೇನಲ್ಲ. ಶ್ರವಣಬೆಳಗೊಳದಲ್ಲಿ ಐವತ್ತೆಂಟು ಅಡಿಯ ಗೊಮ್ಮಟನ ಕೆಳಗೆ ನಿಂತು ಮಕ್ಕಳಿಗೆ “ಜೈ ಅನ್ರಿ” ಎಂದು ಕಲಿಸುತ್ತೇವೆ. ಹನ್ನೆರಡು ವರ್ಷಕ್ಕೊಮ್ಮೆ ಲಕ್ಷಗಟ್ಟಲೆ ಜನ ಸೇರಿ ಅವನಿಗೆ ಹಾಲು ಸುರಿದು ನೋಡುತ್ತೇವೆ. ಇನ್ನು ಕಲ್ಯಾಣ ನಮ್ಮ ಮಗ್ಗುಲಲ್ಲೇ ಇದೆ. ಕೂದಲಿನಿಂದಲೇ ಮೈ ಮುಚ್ಚಿಕೊಂಡು ಅಕ್ಕ ಮಹಾದೇವಿ ಆ ಊರಿಗೆ ಬಂದದ್ದು, ಅನುಭವ ಮಂಟಪದಲ್ಲಿ ಅಲ್ಲಮ ಅವಳನ್ನು ಮುಚ್ಚು–ಮರೆಯಿಲ್ಲದೆ ಪ್ರಶ್ನಿಸಿದ್ದು, ಅವಳು ಒಂದೊಂದಕ್ಕೂ ಉತ್ತರ ಕೊಟ್ಟು ಹಿರಿಯರಿಂದ ಕೈ ಮುಗಿಸಿಕೊಂಡದ್ದು ಶೂನ್ಯ ಸಂಪಾದನೆಯಲ್ಲಿ ದಾಖಲಾಗಿದೆ. ಬತ್ತಲೆ ಎಂದರೇನು ಎಂಬ ಬಗ್ಗೆ ಕಲ್ಯಾಣದಲ್ಲಿ ಆದಷ್ಟು ಆಳದ ಮಾತು ರೊದಾಂನ ಪ್ಯಾರಿಸಿನಲ್ಲಿ ಆಗಿರಲಾರದು. ಅಂಥ ನೆಲದಲ್ಲಿ ಹುಟ್ಟಿದ ನಾನು ಪುಸ್ತಕಕ್ಕೆ ಪೇಪರು ಉಡಿಸಿ ಕೂತಿದ್ದೆ.

ಒಂದೇ ಸಮಾಧಾನವೆಂದರೆ, ನಾನು ಒಬ್ಬನೇ ಅಲ್ಲ. 1906ರಲ್ಲಿ ಜರ್ಮನಿಯ ವೈಮರ್ ಎಂಬ ಊರಿನಲ್ಲಿ ರೊದಾಂನ ಈ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟರು. ಗಟೆ, ಶಿಲ್ಲರ್ ಬಾಳಿದ ಊರು, ತಿಳಿದವರ ಊರು. ಅಲ್ಲಿಯ ದೊರೆಗೇ ಕೊಟ್ಟ ಕಾಣಿಕೆ ಅದು. ಇಂಥದ್ದನ್ನು ದೊರೆಗೆ ಕೊಡುವುದೇ ಎಂದು ಪತ್ರಿಕೆಯಲ್ಲಿ ಗದ್ದಲವೆದ್ದು, ಮ್ಯೂಸಿಯಮ್ ನೋಡಿಕೊಳ್ಳುತ್ತಿದ್ದ ಹ್ಯಾರಿ ಕೆಸ್ಲರ್ ಕೆಲಸವನ್ನೇ ಬಿಡಬೇಕಾಯಿತು. ಆತ ಅವುಗಳ ಮೇಲೆ ‘ಜಮೀನ್ ಮಹಸೂಲ್’ ಎಂದು ಬರೆದಿದ್ದರೆ ಕೆಲಸ ಉಳಿಯುತ್ತಿತ್ತೋ ಏನೋ.

ಅದೇ ವರ್ಷ ಜುಲೈಯಲ್ಲಿ ರೊದಾಂ ಮತ್ತೊಂದು ಹುಚ್ಚು ಮಾಡಿದ. ಕಾಂಬೋಡಿಯದ ರಾಜ ಫ್ರಾನ್ಸಿಗೆ ಬಂದಾಗ ಜತೆಗೆ ಅರಮನೆಯ ನರ್ತಕಿಯರನ್ನೂ ಕರೆತಂದಿದ್ದ. ಪ್ಯಾರಿಸಿನಲ್ಲಿ ಅವರನ್ನು ಕಂಡ ಈ ಅರವತ್ತೈದರ ಮುದುಕ ಬೆನ್ನು ಹತ್ತಿ ಮಾರ್ಸೇಲ್ ತನಕ ಹೋದ. ಅವಸರದಲ್ಲಿ ಕಾಗದ ಮರೆತು, ಅಲ್ಲಿಯ ಕಿರಾಣಿ ಅಂಗಡಿಯಿಂದ ಪೊಟ್ಟಣ ಕಟ್ಟುವ ಕಾಗದ ತರಿಸಿಕೊಂಡ ಎಂದೊಂದು ಕಥೆ ಹೇಳುತ್ತಾರೆ. ಕೆಲವೇ ದಿನಗಳಲ್ಲಿ ನೂರೈವತ್ತರಷ್ಟು ಚಿತ್ರ ತೆಗೆದ. ಅವರು ಮೈತುಂಬ ಬಟ್ಟೆ ಉಟ್ಟವರು. ಆದರೂ ಗೆರೆ ಅದೇ, ಹಿಗ್ಗು ಅದೇ. ಅವನಿಗೆ ಬೇಕಾಗಿದ್ದದ್ದು ಮೈಯ ಬಾಗು ಎಂಬುದಕ್ಕೆ ನನಗೆ ಇದೇ ಸಾಕ್ಷಿ. ಹಾಗೆಂದು ಅವನನ್ನು ಋಷಿ ಮಾಡಿ ಕೂರಿಸಲು ನಾನು ತಯಾರಿಲ್ಲ. ಪುಸ್ತಕದ ಕೆಲವು ಪುಟಗಳಲ್ಲಿ ಅವನ ಕಣ್ಣು ಋಷಿಯದಲ್ಲ, ಆ ಪುಟಗಳನ್ನು ತಿರುವುವಾಗ ನನ್ನದೂ ಆಗಿರಲಿಲ್ಲ. ಕಮೀಲ್ ಕ್ಲೋದೆಲಳಂಥ ದೊಡ್ಡ ಶಿಲ್ಪಿ ಅವನ ನೆರಳಿನಲ್ಲಿ ಬಾಡಿದ್ದೂ ನಿಜ. ಗೀಚಿದವನ ಹೆಸರಿನಲ್ಲಿ ಯಾಕೆ ಮ್ಯೂಸಿಯಮ್ ಇದೆ, ಕೂದಲು ಬಾಚುತ್ತ ಕೂತವಳ ಹೆಸರು ಎಷ್ಟೋ ಹಾಳೆಗಳ ಮೇಲೆ ಯಾಕಿಲ್ಲ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ನಿಲಂಗಾದ ಗೋಡೆಯಲ್ಲಿ ಎರಡೂ ಕಡೆಯವರ ಹೆಸರಿಲ್ಲ. ಒಂದು ಬಗೆಯ ಸಮಾನತೆ.

ಈ ರೊದಾಂ 1913ರಲ್ಲಿ ನಮ್ಮ ನಟರಾಜನ ಬಗ್ಗೆಯೂ ಬರೆದಿದ್ದಾನೆ. ಮದ್ರಾಸ್ ಮ್ಯೂಸಿಯಮ್ಮಿನ ಚೋಳರ ಕಂಚಿನ ಮೂರ್ತಿಗಳ ಫೋಟೋ ನೋಡಿಯೇ ಬರೆದದ್ದು. ಅವನು ತೀರಿಕೊಂಡ ಮೇಲೆ, 1921ರಲ್ಲಿ ಅದು ಅಚ್ಚಾಯಿತು. ಭಾರತಕ್ಕೆ ಅವನು ಕಾಲಿಡಲಿಲ್ಲ. ಮದ್ರಾಸಿನ ಬದಲು ನಿಲಂಗಾದ ಫೋಟೋ ಯಾರಾದರೂ ಕಳಿಸಿದ್ದರೆ ಎಂದು ನನಗೆ ಊರಭಿಮಾನ. ಇವನ ಪೆನ್ಸಿಲಿಗೂ ನಮ್ಮವರ ಉಳಿಗೂ ಮಾತು ಬೆಳೆಯುತ್ತಿತ್ತು.

ನಮ್ಮವರ ಪೆನ್ಸಿಲು ಎಲ್ಲಿ ಹೋಯಿತು ಎಂಬ ಯೋಚನೆ ಹತ್ತಿದ್ದು ಅಲ್ಲಿಂದಲೇ. ಕಲ್ಲಿಗೆ ಉಳಿ ಮುಟ್ಟಿಸುವ ಮೊದಲು ಆ ಶಿಲ್ಪಿ ಎಲ್ಲೋ ಗೀಚಿರಲೇಬೇಕಲ್ಲ? ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಹಾಕಿದ್ದಾರೆ, ಕರಡು ಬಿಟ್ಟಿಲ್ಲ. ಪಟ್ಟದಕಲ್ಲಿನ ಹತ್ತಿರ ಹಳೆಯ ಕಲ್ಲುಗಣಿಯ ಬಂಡೆಗಳ ಮೇಲೆ ಕೆಲವು ಗೆರೆಚಿತ್ರಗಳೂ ಕಲ್ಲುಕುಟಿಗರ ಹೆಸರುಗಳೂ ಉಳಿದಿವೆ. ಬುತ್ತಿ ಉಂಡ ಮೇಲೆ ನೆರಳಲ್ಲಿ ಕೂತು ಕೊರೆದದ್ದಿರಬೇಕು. ಇನ್ನುಳಿದದ್ದೆಲ್ಲ ನೆಲದ ಮೇಲೆ, ಹಲಗೆಯ ಮೇಲೆ ಬರೆದು ಅಳಿಸಿಹೋದದ್ದು.

ಆದರೆ ಪೆನ್ಸಿಲಿನ ಸುಳಿವು ಕಲ್ಯಾಣದಲ್ಲೇ ಇದೆ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ, 1130ರ ಆಸುಪಾಸಿನಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ನೂರು ಅಧ್ಯಾಯ. ಆನೆ ಹಿಡಿಯುವುದರಿಂದ ಅಡಿಗೆ ಮಾಡುವುದರ ತನಕ ಎಲ್ಲ ಅದರಲ್ಲಿದೆ, ಇಡ್ಲಿ–ದೋಸೆಯ ಮುತ್ತಜ್ಜಿಯರೂ ಅಲ್ಲಿದ್ದಾರೆ. ಚಿತ್ರ ಬರೆಯುವ ಭಾಗದಲ್ಲಿ ಗೋಡೆಗೆ ಎಮ್ಮೆ ಚರ್ಮ ಕುದಿಸಿದ ಅಂಟು ಹೇಗೆ ಬಳಿಯಬೇಕು, ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಕೂಡಿಸಿ ಕುಂಚ ಹೇಗೆ ಮಾಡಬೇಕು ಎಂದೆಲ್ಲ ಹೇಳಿದ ಮೇಲೆ, ಗೆರೆ ಎಳೆಯುವ ಕಡ್ಡಿಯ ವಿಧಾನ ಬರುತ್ತದೆ. ದೀಪದ ಕಾಡಿಗೆಗೆ ಬೆಂದ ಅನ್ನ ಸೇರಿಸಿ ಅರೆದು ಬತ್ತಿಯ ಹಾಗೆ ಹೊಸೆಯಬೇಕು. ಅಷ್ಟೇ!

ಅನ್ನವೂ ಕಾಡಿಗೆಯೂ ಮನೆಯಲ್ಲೇ ಇದ್ದ ಮೇಲೆ ತಡೆಯುವವರು ಯಾರು? ಎಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ ಎರಡು ದಿನ ಕಾಡಿಗೆ ಹಿಡಿದೆ. ರಾತ್ರಿ ಉಳಿದ ಅನ್ನವನ್ನು ಅದರ ಜತೆ ಅರೆದು, ಶಾವಿಗೆಯಂತೆ ಹೊಸೆದು, ಮಾಳಿಗೆಯ ಮೇಲೆ ಒಣಗಲು ಇಟ್ಟೆ. ಬೆಳಗ್ಗೆ ನೋಡಿದರೆ ಚಾಲುಕ್ಯರ ಪೆನ್ಸಿಲುಗಳು ಸಾಲಾಗಿ ಗೋಡೆಯ ಕಡೆ ನಡೆದು ಹೊರಟಿವೆ. ಇರುವೆಗಳು. ಎರಡನೆಯ ಸಲ ಸುತ್ತ ಅರಿಶಿನದ ಗೆರೆ ಎಳೆದೆ. ಮೂರನೆಯ ದಿನಕ್ಕೆ ಒಂದು ಕಡ್ಡಿ ಗಟ್ಟಿಯಾಯಿತು. ಕಾಗದದ ಮೇಲೆ ಎಳೆದರೆ ಮೆತ್ತಗೆ, ಕರ್ರಗೆ, ಹಸುವಿನ ಕಣ್ಣಿನಂಥ ಗೆರೆ. ಎಂಟುನೂರ ತೊಂಬತ್ತು ವರ್ಷ ಹಳೆಯ ಪಾಕ ಕೆಟ್ಟಿರಲಿಲ್ಲ.

ಕಡ್ಡಿ ಸೋಮೇಶ್ವರನದು, ವಿಧಾನ ರೊದಾಂನದು. ರೂಪದರ್ಶಿ ಮನೆಯಲ್ಲಿ ಒಬ್ಬಳೇ. ಅಡಿಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂತೆ. ನನ್ನ ಹೆಂಡತಿ ಉದಗೀರದವಳು. 1760ರಲ್ಲಿ ಉದಗೀರದಲ್ಲಿ ಮರಾಠರು ನಿಜಾಮರನ್ನು ಸೋಲಿಸಿದರು ಎಂದು ಇತಿಹಾಸ ಹೇಳುತ್ತದೆ. ನಮ್ಮ ಮನೆಯ ಇತಿಹಾಸದಲ್ಲಿ ಉದಗೀರದವರು ಸೋತದ್ದು ಒಂದು ಸಲವೂ ಇಲ್ಲ. ಅವಳು ಕಟ್ಟೆಯ ಮುಂದೆ ನಿಂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನು ಅವಳ ಮೇಲೆ ಕಣ್ಣು ನೆಟ್ಟೆ, ಕಾಗದದತ್ತ ನೋಡದೆ ಕಡ್ಡಿ ಆಡಿಸಿದೆ.

“ಏನ್ರಿ, ಹಂಗ್ಯಾಕ ನೋಡ್ಲತ್ತೀರಿ? ಜ್ವರ ಬಂದಾದೇನು?”

“ನೀ ನಿನ್ನ ಕೆಲಸ ಮಾಡು.”

“ನಾ ಮಾಡ್ಲತ್ತೀನಿ. ನೀವೇನು ಮಾಡ್ಲತ್ತೀರಿ?”

ಹತ್ತು ನಿಮಿಷ ಹೀಗೆ ನಡೆಯಿತು. ಮದುವೆಯಾಗಿ ಮೂವತ್ತೆಂಟು ವರ್ಷ, ಈ ಕೈಯ ರೊಟ್ಟಿ ಎಷ್ಟು ಸಾವಿರ ತಿಂದಿದ್ದೇನೋ. ಆದರೆ ಬಡಿಯುವಾಗ ಅವಳ ಎಡಗೈಯ ಕಿರುಬೆರಳು ರೊಟ್ಟಿಗೆ ತಾಗದೆ ಮೇಲೇ ನಿಲ್ಲುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬಲಗೈ ಬಡಿದ ಹಾಗೆ ರೊಟ್ಟಿ ತಾನಾಗಿ ಒಂದೊಂದು ಬೆರಳಷ್ಟು ಸುತ್ತುತ್ತದೆ, ಯಾರೂ ಸುತ್ತಿಸುವುದು ಕಾಣುವುದಿಲ್ಲ. ಹಂಚಿಗೆ ಹಾಕಿ ಮೇಲೆ ನೀರು ಸವರುವಾಗ ಭಾರವೆಲ್ಲ ಎಡಗಾಲಿಗೆ ಹೋಗಿ ಸೊಂಟ ಒಂದು ಕಡೆ ಸರಿಯುತ್ತದೆ. ಹೆಗಲು ಅದಕ್ಕೆ ಎದುರು ವಾಲುತ್ತದೆ. ಬಲಗಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ. ಆ ಬಾಗನ್ನು ನಾನು ನೋಡಿದ್ದೆ, ಆಯಿ ನೋಡಬೇಡ ಎಂದ ಗೋಡೆಯ ಮೇಲೆ. ನಿಲಂಗಾದ ಶಿಲ್ಪಿಯ ಮನೆಯಲ್ಲೂ ಜೋಳದ ರೊಟ್ಟಿ ಬಡಿಯುತ್ತಿದ್ದರು ಎಂದು ಅವತ್ತು ನನಗೆ ಖಾತ್ರಿಯಾಯಿತು.

ಆಮೇಲೆ ಕಾಗದ ನೋಡಿದೆ. ಮೂರು ಮೊಣಕೈ, ಎರಡು ರೊಟ್ಟಿ. ಮುಖ ಹಂಚಿನೊಳಗೆ ಬಿದ್ದಿತ್ತು.

ಅವಳು ಕೈ ಒರೆಸಿಕೊಂಡು ಬಂದು ನೋಡಿದಳು. “ರೊಟ್ಟಿ ಚಲೋ ಬಂದಾದ” ಎಂದಳು. ಸ್ವಲ್ಪ ತಡೆದು, “ಆ ಮಹಸೂಲಿನ ಬುಕ್ಕಿನಾಗಿಂದ ಕಲ್ತೀರೇನು?” ಎಂದಳು.

ನಾನು ಸ್ಟೂಲಿನ ಮೇಲೆ ಕಲ್ಲಾದೆ.

“ದೀಪಾವಳಿಗಿ ಧೂಳ ಜಾಡ್ಸುವಾಗ ನೋಡೀನಿ. ಚಿತ್ರ ಚಲೋ ಅವ. ಆದ್ರ ಕಾಲ್ಬೆರಳು ಒಬ್ಬಾಕಿಗೂ ಸರೀ ತೆಗದಿಲ್ಲ.”

ಓಡಿಹೋಗಿ ಪುಸ್ತಕ ತೆಗೆದು ನೋಡಿದೆ. ನಿಜ. ಎಷ್ಟೋ ಚಿತ್ರಗಳಲ್ಲಿ ಗೆರೆ ಪಾದಕ್ಕೆ ಬರುವಷ್ಟರಲ್ಲಿ ಸುಮ್ಮನಾಗುತ್ತದೆ. ಅವನ ಪೆನ್ಸಿಲು ಕೆಳಗಿಳಿಯುವುದರೊಳಗೆ ಅವರು ಎದ್ದು ಹೋಗಿರುತ್ತಿದ್ದರೇನೋ. ಹನ್ನೊಂದು ತಿಂಗಳು ಕದ್ದು ಕದ್ದು ನೋಡಿದ ನನಗೆ ಕಾಲ್ಬೆರಳು ಕಂಡಿರಲಿಲ್ಲ. ಅವಳು ಒಂದೇ ದಿನ, ಕೈಯಲ್ಲಿ ಧೂಳು ಬಟ್ಟೆ ಹಿಡಿದೇ ಕಂಡಿದ್ದಳು. ಆದರೂ ಪೇಪರು ಹಾಗೇ ಇರಲಿ ಎಂದು ಇಬ್ಬರೂ ಒಪ್ಪಿಕೊಂಡೆವು. ಮನೆಗೆ ಮಂದಿ ಬರುತ್ತಾರೆ.

ಮಂದಿ ಬಂದರು. ಭಾಲ್ಕಿ ಕಡೆಯ ಹಳ್ಳಿಯಿಂದ ನನ್ನ ಅತ್ತಿ ಬಂದಳು, ಅಪ್ಪನ ತಂಗಿ, ಎಂಬತ್ತು ದಾಟಿದವಳು. ಮಧ್ಯಾಹ್ನ ಊಟವಾಗಿ ನನಗೊಂದು ಜೋಂಪು ಹತ್ತಿತ್ತು. ಎಚ್ಚರಾದಾಗ ಅತ್ತಿ ಕಿಟಕಿಯ ಕೆಳಗೆ ಕೂತು ಮಹಸೂಲ್ ಭಾಗ ಮೂರನ್ನು ತೊಡೆಯ ಮೇಲೆ ಹರವಿಕೊಂಡಿದ್ದಳು. ಚಸ್ಮಾ ಹಣೆಯ ಮೇಲಿತ್ತು. ಪುಸ್ತಕ ತಲೆಕೆಳಗಾಗಿತ್ತು.

“ಏ ತಮ್ಮಾ, ಈಕಿ ಬಾವಿಗಿ ಹಾರ್ಲತ್ತಾಳ ನೋಡು.”

ಹೋಗಿ ನೋಡಿದೆ. ಎರಡೂ ಕೈ ಮೇಲೆತ್ತಿ ಮೈ ಮುರಿಯುವ ಹೆಂಗಸಿನ ಚಿತ್ರ ಅದು. ತಲೆಕೆಳಗೆ ಹಿಡಿದರೆ ನಿಜಕ್ಕೂ ಹಾರುತ್ತಿದ್ದಳು, ಕೈ ಮುಂದೆ, ಕೂದಲು ಹಿಂದೆ. ಕೆಳಗೆ ಹರಿದ ನೀಲಿ ಬಣ್ಣ ಈಗ ಆಕಾಶ. ಪುಸ್ತಕ ನೆಟ್ಟಗೆ ಮಾಡಲು ಕೈ ಹಾಕಿದವನು ಹಿಂದೆ ತೆಗೆದೆ. ರೊದಾಂನೇ ಹೀಗೆ ಮಾಡುತ್ತಿದ್ದ. ತೆಗೆದ ಚಿತ್ರವನ್ನು ಅಡ್ಡ ತಿರುಗಿಸಿ, ಉಲ್ಟಾ ತಿರುಗಿಸಿ ನೋಡುತ್ತಿದ್ದ. ನಿಂತವಳು ತೇಲುವವಳಾಗಿ ಕಂಡರೆ, ಹೊಸ ಬುಡ ಯಾವ ಕಡೆ ಎಂದು ತಿಳಿಯಲು ಹಾಳೆಯ ಅಂಚಿಗೆ ‘ಬಾ’ ಎಂದು ಬರೆದಿಡುತ್ತಿದ್ದ. ಫ್ರೆಂಚಿನಲ್ಲಿ ಹಾಗೆಂದರೆ ‘ಕೆಳಗೆ’ ಎಂದರ್ಥವಂತೆ. ಕನ್ನಡದಲ್ಲಿ ಓದಿಕೊಂಡರೆ ಕರೆದ ಹಾಗಾಗುತ್ತದೆ.

“ನಮ್ಮೂರಾಗ ಹಿಂಗೇ ಹಾರ್ತಿದ್ದೆವು” ಎಂದಳು ಅತ್ತಿ. “ಗೌಡರ ಬಾವಿ. ಪಾವಟಿಗಿ ಬಾವಿ. ಮಧ್ಯಾಹ್ನ ಗಂಡಸರೆಲ್ಲ ಹೊಲದಾಗ ಇರೋರು. ನಾವ್ ಐದಾರು ಹುಡಿಗ್ಯಾರು. ನಾ ಎಲ್ಲಾರಿಗಿಂತ ಮ್ಯಾಲಿನ ಪಾವಟಿಗಿ ಮ್ಯಾಲಿಂದ ಹಾರ್ತಿದ್ದೆ.” ಕೂತಲ್ಲೇ ಎರಡೂ ಕೈ ಮುಂದೆ ಚಾಚಿ ತೋರಿಸಿದಳು. ಬಳೆಗಳು ಮೊಣಕೈ ತನಕ ಜಾರಿದವು. ಬೆನ್ನು ನೆಟ್ಟಗಾಯಿತು, ಗದ್ದ ಎದೆಗೆ ಬಂತು, ಒಂದು ಗಳಿಗೆ ಅವಳಿಗೆ ಎಂಬತ್ತು ಇರಲಿಲ್ಲ. “ಈಕಿ ಚಂದ ಹಾರ್ಲತ್ತಾಳ. ಈಸ ಬರ್ತದೇನೋ ಈಕಿಗಿ?”

“ಬರ್ತದ ಅತ್ತಿ.”

“ಬರ್ಬೇಕು. ಇಲ್ಲಾಂದ್ರ ಇಷ್ಟು ಸಡ್ಲ ಮೈ ಬಿಡ್ತಿದ್ದಿಲ್ಲ.” ಪುಟ ಮಗುಚಿದಳು, ಅಲ್ಲಿದ್ದವಳನ್ನೂ ತಲೆಕೆಳಗಾಗಿಯೇ ನೋಡಿ ತಲೆದೂಗಿದಳು. ಆಮೇಲೆ ಅವಳ ಬೆರಳು ರಟ್ಟಿನ ಮೇಲಿನ ಪೇಪರಿಗೆ ತಾಗಿತು. ಹನ್ನೊಂದು ತಿಂಗಳಲ್ಲಿ ಅದು ಅಂಚಿಗೆ ಹಳದಿಯಾಗಿ ಹರಿದಿತ್ತು.

“ಇದ್ಯಾಕ ಉಡ್ಸಿ ತಮ್ಮಾ? ತೆಗಿ. ಬಾವ್ಯಾಗ ಇಳಿಯೋರಿಗಿ ಸೀರಿ ತೊಡಕ್ತದ.”

ನಾನು ಪೇಪರು ಬಿಚ್ಚಿದೆ. ಹೆಂಡತಿ ಅದನ್ನು ಮಡಿಚಿ ರದ್ದಿಯ ಗಂಟಿಗೆ ಹಾಕಿದಳು.